ಕಾಲೂರದೆ ಹತ್ತಿದ ರಸ್ತೆ

ಮೊದಲೇ ಹೇಳಿಬಿಡುತ್ತೇನೆ, ಸೈಕಲ್ ನನ್ನದಲ್ಲ. ಬೆಟ್ಟದ ರಸ್ತೆಗಳ ಹುಚ್ಚೂ ನನ್ನದಲ್ಲ. ಎರಡೂ ನನ್ನ ಹೆಂಡತಿಯವು. ಸ್ವೀಡನ್ನಿನ ಉಮೆಯೊದಲ್ಲಿ ನಾವಿದ್ದ ಅಷ್ಟೂ ವರ್ಷ ನಾನು ವಾರವೆಲ್ಲ ಯೂನಿವರ್ಸಿಟಿಯ ಲ್ಯಾಬಿನಲ್ಲಿ ಪ್ರೋಟೀನು ಸೋಸುತ್ತಿದ್ದೆ, ಬೇಸಿಗೆಯ ಶನಿವಾರಗಳಲ್ಲಿ ಅವಳ ಸೈಕಲ್ಲಿನ ಹಿಂದೆ ಕಾರು ಓಡಿಸುತ್ತಿದ್ದೆ. ಕಾರಿನಲ್ಲಿ ಒಂದು ಡಬ್ಬಿ ಚಿತ್ರಾನ್ನ, ಎರಡು ಬಾಟಲಿ ನಿಂಬೆ ಪಾನಕ, ಒಂದು ಒಣ ಟವೆಲ್ಲು. ಮುಂದೆ ಏರಿನಲ್ಲಿ ಅವಳ ಬೆನ್ನು. ಆ ಬೆನ್ನು ನೋಡುತ್ತ ಒಂದನೇ ಗೇರಿನಲ್ಲಿ ತೆವಳುವುದು ನನಗೆ ಬೇಜಾರಿನ ಕೆಲಸವಾಗಿತ್ತು. ಗೊಣಗುತ್ತಿದ್ದೆ. ಈಗ ಅದನ್ನು ನೆನೆದರೂ ನನ್ನ ಮೇಲೇ ಸಿಟ್ಟು ಬರುತ್ತದೆ.

ಮೈಸೂರಿನಲ್ಲಿ ನಾವಿಬ್ಬರೂ ಒಂದೇ ಕಾಲೇಜು. ಆಗಲೇ ಅವಳು ತನ್ನ ಅಣ್ಣನ ಸೈಕಲ್ಲಿನಲ್ಲಿ ಚಾಮುಂಡಿ ಬೆಟ್ಟದ ರಸ್ತೆ ಹತ್ತುತ್ತಿದ್ದವಳು. ನಾನು ಬಸ್ಸಿನಲ್ಲಿ ಹೋಗಿ ಮೇಲೆ ಕಡಲೆಕಾಯಿ ತಿನ್ನುತ್ತ ಕಾಯುತ್ತಿದ್ದವನು. ಉಮೆಯೊಗೆ ಬಂದ ಮೇಲೆ ಅವಳು ಊರಿನ ಸೈಕಲ್ ಕ್ಲಬ್ಬಿಗೆ ಸೇರಿದಳು. ಅಡುಗೆಮನೆಯ ಗೋಡೆಗೆ ದೊಡ್ಡ ನಕ್ಷೆ ಬಂತು. ನಾರ್ವೆ ಗಡಿಯ ಕಡೆಯ ಎತ್ತರದ ರಸ್ತೆಗಳಿಗೆಲ್ಲ ಕೆಂಪು ಪೆನ್ಸಿಲ್ಲಿನ ಗೆರೆ. ಮುಂದೊಂದು ವರ್ಷ ಹೋಗಬೇಕಾದ ಆಲ್ಪ್ಸ್ ಪರ್ವತದ ಏರುದಾರಿಗಳು ಪಕ್ಕದ ಇನ್ನೊಂದು ಹಾಳೆಯಲ್ಲಿ. ಒಗ್ಗರಣೆ ಸಿಡಿದು ಆಲ್ಪ್ಸಿನ ಮೇಲೆ ಎಣ್ಣೆಯ ಕಲೆಗಳಾಗಿದ್ದವು.

ಆ ಕ್ಲಬ್ಬಿನಲ್ಲಿ ಒಂದು ಪದ್ಧತಿ ಇತ್ತು. ಯಾರು ಎಷ್ಟು ಬೇಗ ಹತ್ತಿದರು ಎಂದು ಯಾರೂ ಕೇಳುತ್ತಿರಲಿಲ್ಲ. ಏರು ಮುಗಿದ ಮೇಲೆ ಫೀಕಾಗೆ, ಅಂದರೆ ಅಲ್ಲಿನವರ ಕಾಫಿ ವಿರಾಮಕ್ಕೆ, ಕೂತು ಫ್ಲಾಸ್ಕಿನ ಕಾಫಿ ಬಗ್ಗಿಸಿಕೊಳ್ಳುವಾಗ, ದಾರಿಯಲ್ಲಿ ಎಷ್ಟು ಸಲ ಸೈಕಲ್ ನಿಲ್ಲಿಸಿ ನೆಲಕ್ಕೆ ಕಾಲೂರಿದೆ ಎಂದು ಪ್ರತಿಯೊಬ್ಬರೂ ತಾವಾಗಿ ಹೇಳಬೇಕು. ಸುಳ್ಳು ಹೇಳಿದರೆ ಹಿಡಿಯುವವರಿಲ್ಲ. ಆದ್ದರಿಂದಲೇ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ನನ್ನ ಹೆಂಡತಿ ಇದನ್ನು ಮೈಸೂರಿನಿಂದ ತಂದ ಗೆರೆಪುಸ್ತಕವೊಂದರಲ್ಲಿ ಕನ್ನಡದಲ್ಲಿ ಬರೆದಿಡುತ್ತಿದ್ದಳು. ಹಿಂದಿನ ದಿನವೇ ಪುಟದ ಮೇಲೆ ದಾರಿಯ ಹೆಸರು, ದಿನ, ಸವಾರರು ಎಷ್ಟು ಮಂದಿ ಎಂದು ಬರೆಯುವಳು. ಉಳಿದದ್ದು ಹತ್ತಿ ಬಂದ ಮೇಲೆ. 'ಆರನೇ ಕಿಲೋಮೀಟರು, ಎಡಕ್ಕೆ ತಿರುವು, ಗಾಳಿ ಮುಖಕ್ಕೆ. ಅವಸರ ಬೇಡ. ಕಾಲೂರಿದ್ದು: ಎರಡು.' ಹೀಗೆ.

ಅವಳ ಮನಸ್ಸು ನೆಟ್ಟಿದ್ದು ಸ್ಟೆಕೆನ್‌ಯೊಕ್ ಎಂಬ ರಸ್ತೆಯ ಮೇಲೆ. ಸ್ವೀಡನ್ನಿನಲ್ಲಿ ಡಾಂಬರು ಹಾಕಿದ ರಸ್ತೆಗಳಲ್ಲಿ ಅದಕ್ಕಿಂತ ಎತ್ತರದ್ದಿಲ್ಲ. ಚಳಿಗಾಲವೆಲ್ಲ ಹಿಮದಡಿ ಮುಚ್ಚಿರುತ್ತದೆ. ಜೂನ್‌ನಲ್ಲಿ ಯಂತ್ರದಿಂದ ಹಿಮ ಕೊರೆದು ತೆರೆಯುತ್ತಾರೆ. ಎರಡು ಬೇಸಿಗೆ ಅವಳು ಅದನ್ನು ಹತ್ತಿದ್ದಳು. ಒಮ್ಮೆ ಎರಡು ಸಲ, ಇನ್ನೊಮ್ಮೆ ಒಂದು ಸಲ ಕಾಲೂರಿದ್ದಳು.

"ಮುಂದಿನ್ ಸಲ ಸೊನ್ನೆ ಕಣೋ, ನೋಡ್ತಿರು," ಅಂದಿದ್ದಳು. ಬೇರೆ ಕನ್ನಡದವರ ಎದುರು ನನಗೆ 'ರೀ' ಎನ್ನುತ್ತಿದ್ದಳು. ಮನೆಯಲ್ಲಿ ಕಾಲೇಜಿನ 'ಕಣೋ'ನೇ.

ಮುಂದಿನ ಸಲ ಬರುವ ಮೊದಲೇ ಕಾಯಿಲೆ ಬಂತು. ಎರಡು ಸಾವಿರದ ಐದರ ಕೊನೆಗೆ ಅವಳ ಮೊಣಕಾಲಿನ ಕೆಳಗೆ ನೀಲಿ ಕಲೆಗಳು ಕಾಣಿಸಿಕೊಂಡವು. "ಪೆಡಲ್ ತಾಗಿರತ್ತೆ ಬಿಡೋ," ಅಂದಳು. ನಾನೂ ಬಿಟ್ಟೆ. ಸೈಕಲ್ಲನ್ನು ನೆಲಮಾಳಿಗೆಯಲ್ಲಿಟ್ಟು ತಿಂಗಳಾಗಿತ್ತು ಎಂದು ಆ ಹೊತ್ತಿಗೆ ಇಬ್ಬರಿಗೂ ಹೊಳೆಯಲಿಲ್ಲ. ರಕ್ತದ ಪರೀಕ್ಷೆ ಮಾಡಿಸಿದ್ದು ಅದಾದ ಮೂರು ವಾರಕ್ಕೆ. ರಕ್ತದ ಕ್ಯಾನ್ಸರ್. ಒಂದು ಸುತ್ತು ಔಷಧಿ, ಕೂದಲು ಹೋಯಿತು, ಇನ್ನೊಂದು ಸುತ್ತು, ರುಚಿ ಹೋಯಿತು. ಏಪ್ರಿಲ್‌ನಲ್ಲಿ ನಮ್ಮನ್ನು ಕೂರಿಸಿ ಡಾಕ್ಟರಮ್ಮ ಹೇಳಿದರು, ಗುಣಪಡಿಸುವ ಚಿಕಿತ್ಸೆ ಇನ್ನು ನಮ್ಮ ಬಳಿ ಇಲ್ಲ ಎಂದು. ಅವಳ ಕಣ್ಣು ನೋಡಿಕೊಂಡೇ ಹೇಳಿದರು. ಅಲ್ಲಿ ಹಾಗೆಯೇ ಹೇಳುವುದು. ಗಂಡನನ್ನು ಹೊರಗೆ ಕರೆದು ಪಿಸುಗುಟ್ಟುವುದಿಲ್ಲ.

"ಎಷ್ಟು ದಿನ?" ಎಂದು ಅವಳೇ ಕೇಳಿದಳು.

"ಬೇಸಿಗೆ ಸಿಗಬಹುದು," ಅಂದರು ಡಾಕ್ಟರಮ್ಮ.

ಅವಳು ತಲೆಯಾಡಿಸಿದಳು. ನನಗೆ ಮಾತ್ರ ಮೈಯೆಲ್ಲ ಉರಿದು ಹೋಯಿತು. ನಾನೂ ವಿಜ್ಞಾನದವನೇ. ಅವರು ತೋರಿಸಿದ ಅಂಕಿಗಳೆಲ್ಲ ನನಗೆ ಅರ್ಥವಾಗುತ್ತಿದ್ದವು, ಅರ್ಥವಾದದ್ದರಿಂದಲೇ ಆಸೆಗೆ ಎಲ್ಲೂ ಜಾಗ ಉಳಿದಿರಲಿಲ್ಲ. ಮನೆಗೆ ಬಂದು ಫೋನ್ ಕಾರ್ಡಿನ ಬೆಳ್ಳಿಬಣ್ಣ ಕೆರೆದು ಮೈಸೂರಿಗೆ, ನಮ್ಮಮ್ಮನಿಗೆ ಮಾಡಿದೆ.

ಅಮ್ಮ ಎಲ್ಲ ಕೇಳಿಸಿಕೊಂಡಳು. ಆಮೇಲೆ ಅಂದಳು, "ನಿಂಗೆ ಎಂಟು ವರ್ಷದಲ್ಲಿ ಟೈಫಾಯ್ಡ್ ಆಗಿತ್ತಲ್ಲಪ್ಪ. ಡಾಕ್ಟ್ರು ಕೈ ಚೆಲ್ಲಿದ್ರು. ನಾನು ಬೆಟ್ಟದ ಸಾವಿರ ಮೆಟ್ಲಿಗೂ ಅರಿಶಿನ ಕುಂಕುಮ ಇಟ್ಕೊಂಡು ಹತ್ತಿದೆ. ದಾರೀಲಿ ಯಾರ್ಯಾರೋ ಕರೆದ್ರು, ಕೂತ್ಕೊಳಮ್ಮ, ನೀರ್ ಕುಡಿಯಮ್ಮ ಅಂತ. ಕೂರ್ಲಿಲ್ಲ. ನೀನೂ ಒಂದು ಹರಕೆ ಹೊತ್ಕೋ."

"ಇಲ್ಲೆಲ್ಲಿ ಇದಾಳಮ್ಮ ಚಾಮುಂಡಿ?" ಅಂದೆ. ಸಿಟ್ಟಿನಲ್ಲೇ ಅಂದೆ.

"ಬೆಟ್ಟ ಇದ್ಯಲ್ಲ, ಸಾಕು. ಹತ್ತೋರು ಇದ್ದಕಡೆ ಅವಳು ಇರ್ತಾಳೆ. ಆದ್ರೆ ಹರಕೆ ಫಲ ಕಾಣೋ ತನಕ ನಿನ್ ಹೆಂಡ್ತಿ ಹತ್ರ ಬಾಯಿ ಬಿಡ್ಬೇಡ. ಯಾರಿಗೋಸ್ಕರ ಹೊತ್ತಿರ್ತೀವೋ ಅವರ ಕಿವಿಗೆ ಬೀಳ್ಬಾರ್ದು."

ಕಾಲೇಜಿನ ದಿನಗಳಿಂದ ಇಂಥದ್ದನ್ನೆಲ್ಲ ಹಾಸ್ಯ ಮಾಡಿಕೊಂಡು ಬಂದವನು ನಾನು. ಹೆಂಡತಿಯಂತೂ ನನಗಿಂತ ಒಂದು ಕೈ ಮೇಲು. ಆದರೂ ಮಾರನೆಯ ದಿನ ಅವಳು ಮಲಗಿದ್ದಾಗ ಕರ್ಚೀಫನ್ನು ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿದೆ. ಅದರಲ್ಲಿ ಒಂದು ಕ್ರೋನಾ ನಾಣ್ಯ ಇಟ್ಟು ಮುಡಿಪು ಕಟ್ಟಿದೆ. ಕಟ್ಟುವಾಗ ಹೇಳಿಕೊಂಡದ್ದು ಇಷ್ಟು: ಅವಳ ಸೈಕಲ್ಲಿನಲ್ಲಿ ಸ್ಟೆಕೆನ್‌ಯೊಕ್ ಹತ್ತುತ್ತೇನೆ. ಕೊನೆಯ ಊರಿನಿಂದ ಹಿಡಿದು ಮೇಲೆ ಹಳೆಯ ಗಣಿಯ ಹತ್ತಿರದ ಪಾರ್ಕಿಂಗ್ ಜಾಗದ ತನಕ, ಎಲ್ಲೂ ಕಾಲೂರುವುದಿಲ್ಲ. ಅವಳನ್ನು ಉಳಿಸಿಕೊಡು.

ಅವಳಿಗೆ ಹೇಳಿದ್ದು ಬೇರೆ. "ನಿನ್ ರಸ್ತೆ ಈ ವರ್ಷ ನಾನು ಹತ್ತೀನಿ, ನೀನು ಕಾರಲ್ಲಿ ಕೂತ್ಕೊಂಡು ಬಾ," ಅಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀನಾ? ಬೇಕರಿ ಮುಂದೆ ಏರು ಬಂದ್ರೆ ಇಳಿದು ತಳ್ಳೋನು ನೀನು."

ಅದು ನಿಜ. ಮೇ ತಿಂಗಳೆಲ್ಲ ನನಗೆ ತಾಲೀಮು. ಉಮೆಯೊದಲ್ಲಿ ಬೆಟ್ಟವಿಲ್ಲ, ನದಿಯ ಸೇತುವೆಗಳಿವೆ. ಸೇತುವೆಯಿಂದ ಮೇಲೆ ಹೋಗುವ ಒಂದು ಏರನ್ನೇ ದಿನಕ್ಕೆ ಇಪ್ಪತ್ತು ಸಲ ಹತ್ತಿದೆ. ಅವಳು ಟೊಪ್ಪಿ, ಕೋಟು, ಶಾಲು ಎಲ್ಲ ಸುತ್ತಿಕೊಂಡು ಬೆಂಚಿನ ಮೇಲೆ ಕೂತು ಬಯ್ಯುತ್ತಿದ್ದಳು. "ಭುಜ ಯಾಕೋ ಹಾಗೆ ಎತ್ಕೊಂಡಿದೀಯಾ, ಮೂಟೆ ಹೊತ್ತಿದೀಯಾ?" "ಗೇರ್ ಇಳ್ಸು. ಏರು ಬಂದ್ಮೇಲಲ್ಲ, ಬರೋಕ್ ಮುಂಚೆ." ಅವಳ ಧ್ವನಿ ಆ ಬೆಂಚಿನ ಮೇಲೆ ಮಾತ್ರ ಹಳೆಯ ಧ್ವನಿಯಾಗಿರುತ್ತಿತ್ತು. ನನಗೆ ಆಸೆ ಹುಟ್ಟಿದ್ದೇ ಅಲ್ಲಿ, ದರಿದ್ರ ಆಸೆ.

ತಮ್ಮ ಕಾರು ತಂದು ಓಡಿಸಲು ಒಪ್ಪಿದವರು ಕ್ಲಬ್ಬಿನ ಹಿರಿಯರೊಬ್ಬರು. ನಿವೃತ್ತ ಅಂಚೆಯವರು, ಅವಳನ್ನು ಕಂಡರೆ ಅಕ್ಕರೆ. ಮಾತು ಕಡಿಮೆ. ಹೌದು ಎನ್ನಬೇಕಾದಾಗ ಬಾಯಿಯಿಂದ ಹೌದು ಬರುತ್ತಿರಲಿಲ್ಲ. ಬಿಸಿ ಕಾಫಿ ಹೀರಿದ ಹಾಗೆ ಸುಯ್ ಎಂದು ಒಮ್ಮೆ ಉಸಿರು ಒಳಗೆಳೆಯುತ್ತಿದ್ದರು. ಆ ಉತ್ತರದ ಸೀಮೆಯಲ್ಲಿ ಎಷ್ಟೋ ಜನ ಹೌದು ಹೇಳುವುದೇ ಹಾಗೆ. ಹೊರಡುವ ವಾರ ಬಂದು ಅವರು ಸೈಕಲ್ಲಿಗೆ ಬೇರೆ ಪೆಡಲ್ ಹಾಕಿಕೊಟ್ಟರು. ಅವಳ ಸೈಕಲ್ ಬೂಟಿನ ತಳವನ್ನು ಕಚ್ಚಿಕೊಳ್ಳುವ ಪೆಡಲ್ ನನ್ನ ಸಾದಾ ಶೂಗೆ ಆಗುತ್ತಿರಲಿಲ್ಲ. ಹೊಸದು ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಅದೇ ಹಳೆಯ ಕೊಂಡಿ.

"ಎರಡೂ ಬದಿ ಚಪ್ಪಟೆ ಇರೋದು ಸಿಗಲಿಲ್ವಾ?" ಎಂದು ಕೇಳಿದೆ.

ಅವರು ಅವಳ ಕಡೆ ನೋಡಿದರು. ಅವಳು ಕಿಟಕಿಯ ಕಡೆ ನೋಡಿದಳು. ನಾನು ಕೈ ತೊಳೆಯಲು ಹೋದೆ.

ಜೂನ್ ಎರಡನೇ ವಾರ. ಮಂಗಳವಾರ ಆಸ್ಪತ್ರೆಯಲ್ಲಿ ಅವಳಿಗೆ ರಕ್ತ ಏರಿಸಿದರು. ಏರಿಸಿದ ಮೇಲೆ ಎರಡು ದಿನ ಅವಳ ಮುಖಕ್ಕೆ ಬಣ್ಣ ಬರುತ್ತಿತ್ತು. ಆ ಎರಡು ದಿನ ಲೆಕ್ಕ ಹಾಕಿಯೇ ಹೊರಟದ್ದು. ಬುಧವಾರ ಇಡೀ ದಿನ ಪಶ್ಚಿಮಕ್ಕೆ ಕಾರಿನಲ್ಲಿ ಹೋಗಿ ಬೆಟ್ಟದ ಬುಡದ ಕೊನೆಯ ಊರಿನಲ್ಲಿ ಒಂದು ಮರದ ಗುಡಿಸಲು ಬಾಡಿಗೆಗೆ ಹಿಡಿದು ಉಳಿದೆವು. ಅವಳು ಊಟದ ಮೇಜಿನ ಮೇಲೆ ಪುಸ್ತಕ ತೆರೆದು ಪುಟದ ತಲೆಯಲ್ಲಿ ಏನೋ ಬರೆದಳು. ನಾನು ಇಣುಕಿದರೆ ಕೈ ಅಡ್ಡ ಇಟ್ಟಳು.

ಬೆಳಿಗ್ಗೆ ಹೊರಡುವಾಗ ಅವಳು ಕಾರಿನ ಹಿಂದಿನ ಸೀಟಿನಲ್ಲಿ ಕೂತು ಕಾಲಿಗೆ ತನ್ನ ಸೈಕಲ್ ಬೂಟು ಹಾಕಿಕೊಳ್ಳುತ್ತಿದ್ದಳು. ಬಗ್ಗಿ ಪಟ್ಟಿ ಬಿಗಿಯುವಷ್ಟರಲ್ಲೇ ಏದುಸಿರು.

"ಅದ್ಯಾಕೀಗ? ಉಣ್ಣೆ ಸಾಕ್ಸ್ ಹಾಕ್ಕೋ," ಅಂದೆ.

"ಅಭ್ಯಾಸ ಕಣೋ. ಇದ್ರಲ್ಲಿ ಬೆಚ್ಚಗಿರತ್ತೆ," ಅಂದು ಕಂಬಳಿ ಎಳೆದುಕೊಂಡಳು. ಆ ಬೂಟಿಗೆ ಗಾಳಿಯಾಡಲೆಂದು ತೂತುಗಳಿದ್ದವು. ಅದರಲ್ಲಿ ಬೆಚ್ಚಗಿರುವುದೆಲ್ಲಿಂದ ಬಂತು ಎಂದು ನಾನು ಯೋಚಿಸಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಬೆನ್ನ ಜೇಬಿನಲ್ಲಿದ್ದ ಮುಡಿಪು ಒಂದೇ.

ಊರು ದಾಟಿದ ಮೇಲೆ ಚಳಿಗಾಲದಲ್ಲಿ ರಸ್ತೆ ಮುಚ್ಚುವ ಅಡ್ಡಗಂಬ. ಅಲ್ಲಿಂದ ಏರು. ಹೇಳಿಕೊಳ್ಳುವಷ್ಟು ಕಡಿದಲ್ಲ, ಬೆಟ್ಟ ಹತ್ತಿದವರು ಕೇಳಿದರೆ ನಗಬಹುದು. ಆದರೆ ಮುಗಿಯುವುದಿಲ್ಲ. ಮೊದಮೊದಲು ಬರ್ಚ್ ಮರಗಳು ಆಳೆತ್ತರ ಇದ್ದವು, ಆಮೇಲೆ ಸೊಂಟದೆತ್ತರ, ಆಮೇಲೆ ಇಲ್ಲ. ನಾಲ್ಕನೇ ಕಿಲೋಮೀಟರಿಗೆ ತೊಡೆ ಹೊತ್ತಿಕೊಂಡಿತು. ಆರನೆಯದರಲ್ಲಿ ಪುಸ್ತಕದಲ್ಲಿ ಇದ್ದಂತೆಯೇ ಎಡ ತಿರುವು, ಗಾಳಿ ಮುಖಕ್ಕೆ ಬಡಿಯಿತು. ಹಿಂದೆ ಕಾರು. ಕಿಟಕಿಯಿಂದ ಅವಳ ಧ್ವನಿ, "ಅವಸರ ಬೇಡ. ಉಸಿರು ನೋಡ್ಕೋ. ಹಾಂ, ಹಾಗೆ." ಇಷ್ಟು ವರ್ಷ ನಾನು ಹಿಂದೆ ಕೂತು ಅವಳಿಗೆ ಒಂದು ಮಾತೂ ಹೀಗೆ ಹೇಳಿರಲಿಲ್ಲ.

ಹಿಮದ ಗೋಡೆಗಳು ಶುರುವಾದವು. ರಸ್ತೆಯ ಎರಡೂ ಕಡೆ ನನಗಿಂತ ಎತ್ತರ. ನಡುವೆ ಒಂದು ಕಾರು, ಒಂದು ಸೈಕಲ್ ಹಿಡಿಸುವಷ್ಟು ಅಗಲ. ಅಲ್ಲಿ, ಮುಂದಿನ ತಿರುವಿನಲ್ಲಿ, ಹಿಮಸಾರಂಗಗಳು. ಹದಿನೈದು ಇಪ್ಪತ್ತು ಇರಬಹುದು, ಮರಿಗಳ ಸಮೇತ ರಸ್ತೆ ತುಂಬ ನಿಂತಿದ್ದವು. ಅವಕ್ಕೂ ಗೋಡೆ ಹತ್ತಿ ಹೋಗಲು ದಾರಿಯಿಲ್ಲ. ನನ್ನನ್ನು ನೋಡಿಕೊಂಡು ನಿಧಾನವಾಗಿ ಮುಂದೆ ಮುಂದೆ ನಡೆಯತೊಡಗಿದವು, ನಮ್ಮ ಊರಿನ ಎಮ್ಮೆಗಳ ಹಾಗೆ.

ಅಷ್ಟು ನಿಧಾನಕ್ಕೆ ಸೈಕಲ್ ನಿಲ್ಲುವುದಿಲ್ಲ, ಬೀಳುತ್ತದೆ. ಏನು ಮಾಡಲಿ? ರಸ್ತೆಯಲ್ಲೇ ಸುತ್ತತೊಡಗಿದೆ. ಈ ಗೋಡೆಯಿಂದ ಆ ಗೋಡೆಗೆ, ಮತ್ತೆ ಈ ಗೋಡೆಗೆ, ಎಣ್ಣೆ ಗಾಣದ ಎತ್ತಿನ ಹಾಗೆ ಗಿರಗಿರ. ಒಮ್ಮೆ ಭುಜ ಹಿಮಕ್ಕೆ ಉಜ್ಜಿತು. ಕೈಯಲ್ಲಿ ಗೋಡೆ ತಳ್ಳಿ ಮತ್ತೆ ಸುತ್ತಿದೆ. ಕೈಯೂರಬಾರದೆಂದು ನಾನೇನೂ ಹೇಳಿಕೊಂಡಿರಲಿಲ್ಲ.

ಹಿಂದೆ ನಗು ಕೇಳಿಸಿತು. ಕಾರು ನಿಲ್ಲಿಸಿದ್ದರು. ಅವಳು ಕಿಟಕಿಯ ಮೇಲೆ ಗಲ್ಲ ಇಟ್ಟು ನಗುತ್ತಿದ್ದಳು. "ಕಾಲಿಡೋ ಕೆಳಗೆ, ಮಾರಾಯ. ನಿನ್ ಮರ್ಯಾದೆ ಏನೂ ಹೋಗಲ್ಲ."

"ಇಡಲ್ಲ," ಅಂದೆ.

"ಯಾರಿಗೂ ಹೇಳಲ್ಲ ಕಣೋ, ಇಡು."

ನಾನು ಅಳುವುದೊಂದು ಬಾಕಿ. ಅವಳ ಜೀವವನ್ನೇ ಹ್ಯಾಂಡಲ್ಲಿನ ಮೇಲೆ ಇಟ್ಟುಕೊಂಡು ಸುತ್ತುತ್ತಿದ್ದೇನೆ, ಅವಳು ನಗುತ್ತಿದ್ದಾಳೆ. ಎಷ್ಟು ಸುತ್ತಿದೆನೋ. ಗೋಡೆ ತಗ್ಗಿದ ಕಡೆ ಮುಂದಿನ ದೊಡ್ಡ ಹೆಣ್ಣು ಸಾರಂಗ ಜಿಗಿದು ಹಿಮದ ಮೇಲೆ ಹತ್ತಿತು. ಉಳಿದವು ಹಿಂದೆಯೇ ಹೋದವು. ದಾರಿ ಬಿಟ್ಟಿತು. ಅವಳು ಅಷ್ಟು ನಕ್ಕದ್ದನ್ನು ಮತ್ತೆ ನಾನು ಕೇಳಲಿಲ್ಲ.

ಆಮೇಲೆ ಬಯಲು. ಏರು ಮುಗಿದು ರಸ್ತೆ ಹೆಚ್ಚುಕಡಿಮೆ ಸಮವಾಗುತ್ತದೆ. ಕಣ್ಣು ಹರಿದಷ್ಟೂ ಬಿಳಿ, ಅಲ್ಲಲ್ಲಿ ಕಪ್ಪು ಕಲ್ಲು, ಅಂಚಿನಲ್ಲಿ ನಾರ್ವೆಯ ಶಿಖರಗಳು. ಹಕ್ಕಿಗಳು ಮೊಟ್ಟೆಯಿಡುವ ಕಾಲ, ರಸ್ತೆ ಬಿಟ್ಟು ಆಚೆ ಇಳಿಯಬೇಡಿ ಎಂಬ ಫಲಕ. ಗಣಿಯ ಪಾರ್ಕಿಂಗ್ ಇನ್ನೂ ಎರಡು ಮೂರು ಕಿಲೋಮೀಟರ್. ಗೆದ್ದೆ ಅನ್ನಿಸಿತು. ಜೇಬು ಮುಟ್ಟಿ ನೋಡಿಕೊಂಡೆ.

ಹಿಂದಿನಿಂದ ಹಾರನ್ ಎರಡು ಸಲ ಆಯಿತು.

"ನಿಲ್ಲೋ," ಎಂದು ಅವಳು ಕೂಗಿದಳು. "ಸಾಕು, ಇಲ್ಲೇ ನಿಲ್ಲು."

ನನಗೆ ಸುಸ್ತಾಗಿದೆಯೆಂದು ಅವಳಿಗೆ ಕನಿಕರ ಬಂದಿದೆ ಅಂದುಕೊಂಡೆ. ತಿರುಗದೆಯೇ ಕೈಯೆತ್ತಿ, ಆಗಲ್ಲ ಎಂದು ಬೀಸಿದೆ. "ಮುಗಿಸ್ಬಿಡ್ತೀನಿ," ಅಂದೆ. ಗಾಳಿಗೆ ಅವಳಿಗೆ ಕೇಳಿಸಿತೋ ಇಲ್ಲವೋ.

"ಮುಗಿಸ್ಬೇಡ. ನಿಲ್ಲು ಒಂದ್ ನಿಮಿಷ."

ಅಮ್ಮನನ್ನೂ ಹಾಗೆಯೇ ಕರೆದಿದ್ದರಲ್ಲ, ಕೂತ್ಕೊಳಮ್ಮ ಎಂದು. ಕೂರಲಿಲ್ಲ, ಮಗ ಉಳಿದ. ನಾನು ಇನ್ನೂ ಜೋರಾಗಿ ತುಳಿದೆ. ಮತ್ತೆ ಹಾರನ್. ಕಾರು ಪಕ್ಕಕ್ಕೆ ಬರುವ ಹಾಗಾದಾಗ ರಸ್ತೆಯ ನಡುವಿಗೆ ಸರಿದು ದಾರಿ ಕಟ್ಟಿದೆ. ಕೊನೆಗೆ ಅವಳು ನನ್ನ ಹೆಸರು ಹಿಡಿದು ಕರೆದಳು. ಮನೆಯಲ್ಲಿ ಅವಳು ನನ್ನ ಹೆಸರು ಹಿಡಿಯುವುದೇ ಅಪರೂಪ. ಅದಕ್ಕೂ ತಿರುಗಲಿಲ್ಲ. ಸ್ವಲ್ಪ ಹೊತ್ತಿಗೆ ಕಿಟಕಿಯ ಗಾಜು ಏರಿದ ಸದ್ದಾಯಿತು. ಆಮೇಲೆ ಗಾಳಿ ಮಾತ್ರ.

ಪಾರ್ಕಿಂಗಿನಲ್ಲಿ ಕಾಲೂರಿದೆ. ಊರಿದ ಕೂಡಲೇ ಜಲ್ಲಿಯ ಮೇಲೆ ಕೂತೆ. ಕಣ್ಣಿನಿಂದ ಧಾರಾಕಾರ ನೀರು. ಸಂತೋಷಕ್ಕೆ. ನನ್ನಂಥ ಪೆದ್ದ ಆ ದಿನ ಆ ಬೆಟ್ಟದ ಮೇಲೆ ಇನ್ನೊಬ್ಬ ಇರಲಿಲ್ಲ. ಎದ್ದು ಹೋಗಿ ಕಾರಿನ ಬಾಗಿಲು ತೆಗೆದರೆ ಅವಳು ಕಂಬಳಿಯಲ್ಲಿ ಮುದುಡಿ ನಡುಗುತ್ತಿದ್ದಳು. ತುಟಿ ಬಿಳಚಿಕೊಂಡಿತ್ತು. ಅಷ್ಟು ಹೊತ್ತು ಕಿಟಕಿ ತೆಗೆದು ಕೂಗಿದ್ದಕ್ಕೆ ಚಳಿ ಹಿಡಿದಿತ್ತು.

"ಚೆನ್ನಾಗ್ ಹತ್ತಿದೆ ಕಣೋ," ಅಂದಳು.

"ಇಳಿಯಲ್ವಾ? ಸೈಕಲ್ ಜೊತೆ ಒಂದು ಫೋಟೋ ತೆಗೀತೀನಿ."

"ಬೇಡ. ಈಗ ಆಗಲ್ಲ." ಸ್ವಲ್ಪ ತಡೆದು ಕೇಳಿದಳು, "ಕರೆದದ್ದು ಕೇಳಿಸ್ತಾ?"

"ಕೇಳಿಸ್ತು."

ಯಾಕೆ ನಿಲ್ಲಲಿಲ್ಲ ಎಂದು ಅವಳು ಕೇಳಲಿಲ್ಲ. ಕೇಳಿದ್ದರೂ ಹೇಳುತ್ತಿರಲಿಲ್ಲ. ಫಲ ಕಾಣುವ ತನಕ ಬಾಯಿ ಬಿಡಬಾರದಲ್ಲ. ಹಿರಿಯರು ಸೈಕಲ್ಲನ್ನು ಕಾರಿನ ಹಿಂದೆ ಕಟ್ಟುತ್ತಿದ್ದರು. ಹಗ್ಗವನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಎಳೆಯುತ್ತಿದ್ದರು, ನನ್ನ ಮುಖ ನೋಡಲಿಲ್ಲ. ವಾಪಸು ಬರುವಾಗ ದಾರಿಯುದ್ದಕ್ಕೂ ಅವಳು ನಿದ್ದೆ ಮಾಡಿದಳು. ಅಥವಾ ಕಣ್ಣು ಮುಚ್ಚಿಕೊಂಡಿದ್ದಳು.

ಹರಕೆ ಸಂದಿತ್ತು. ಸ್ವಲ್ಪವೂ ಲೋಪವಿಲ್ಲ. ನಾನು ಪ್ರತಿ ರಕ್ತ ಪರೀಕ್ಷೆಯ ಹಾಳೆಯನ್ನೂ ಹುಚ್ಚನ ಹಾಗೆ ನೋಡುತ್ತಿದ್ದೆ, ಈ ಸಲ ತಿರುಗುತ್ತದೆ, ಈ ಸಲ ತಿರುಗುತ್ತದೆ ಎಂದು. ಅಂಕಿಗಳು ಇಳಿಯುತ್ತ ಹೋದವು. ಜುಲೈನಲ್ಲಿ ಮೆಟ್ಟಿಲು ಹತ್ತುವುದು ನಿಂತಿತು. ಆಗಸ್ಟಿನಲ್ಲಿ ಮಂಚದಿಂದ ಏಳುವುದು ನಿಂತಿತು. ಡಾಕ್ಟರಮ್ಮ ಹೇಳಿದಂತೆ ಬೇಸಿಗೆ ಸಿಕ್ಕಿತು, ಅದಕ್ಕಿಂತ ಒಂದು ದಿನವೂ ಹೆಚ್ಚು ಸಿಗಲಿಲ್ಲ. ಉಮೆಯೊದ ಬರ್ಚ್ ಎಲೆಗಳು ಹಳದಿಯಾಗಲು ಶುರುವಾದ ವಾರ ಅವಳು ಹೋದಳು. ಹರಕೆಯ ವಿಷಯ ನಾನು ಅವಳಿಗೆ ಹೇಳಲೇ ಇಲ್ಲ. ಹೇಳುವಂಥ ಫಲ ಬರಲಿಲ್ಲ.

ಎಲ್ಲ ಮುಗಿದು ಎರಡು ವಾರಕ್ಕೆ ಹಿರಿಯರು ಮನೆಗೆ ಬಂದರು. ಕೈಯಲ್ಲಿ ಒಂದು ಚೀಲ. ಅದರಲ್ಲಿ ಅವಳ ಸೈಕಲ್ ಬೂಟು. ತಮ್ಮ ಕಾರಿನ ಸೀಟಿನ ಕೆಳಗೆ ಉಳಿದಿತ್ತು ಅಂದರು. ನಾನು ಅವನ್ನು ತಿರುಗಿಸಿ ತಳ ನೋಡಿದೆ. ಪೆಡಲಿಗೆ ಕಚ್ಚಿಕೊಳ್ಳುವ ಕೊಂಡಿ. ಆ ಪೆಡಲಿನ ಇನ್ನೊಂದು ಬದಿ ನೆನಪಾಯಿತು. ತೂತು ತೂತಿನ ಆ ಬೂಟಿನಲ್ಲಿ ಯಾರ ಕಾಲೂ ಬೆಚ್ಚಗಿರುವುದಿಲ್ಲ.

"ಅವಳಿಗೆ ಅಲ್ಲಿ ಓಡಿಸಬೇಕಿತ್ತಾ?" ಎಂದು ಕೇಳಿದೆ.

ಅವರು ಉಸಿರು ಒಳಗೆಳೆದುಕೊಂಡರು.

"ಬಯಲಿನಲ್ಲಿ?"

ಇನ್ನೊಮ್ಮೆ, ಅದೇ ಉಸಿರು. ಆಮೇಲೆ ಅಂಚೆಯವರು ಅಷ್ಟು ವರ್ಷಗಳಲ್ಲಿ ನನ್ನೊಡನೆ ಆಡಿದ ಅತಿ ಉದ್ದದ ಮಾತು ಆಡಿದರು. ಬಯಲು ಬಂದ ಕೂಡಲೇ ಹಾರನ್ ಮಾಡಿ ನನ್ನನ್ನು ಇಳಿಸಬೇಕು, ಅಲ್ಲಿಂದ ಗಣಿಯ ತನಕ ತಾನು ಎಂದು ಅವಳು ಅವರಿಗೆ ಹೇಳಿಟ್ಟಿದ್ದಳಂತೆ. ಮೊದಲೇ ನನಗೆ ಹೇಳಿದರೆ ಡಾಕ್ಟರ ನೆಪ ಹೇಳಿ ನಾನು ಬಿಡುವುದಿಲ್ಲ, ಅಲ್ಲಿಗೆ ಹೋದ ಮೇಲೆ ಇಲ್ಲ ಅನ್ನಲಾರೆ ಎಂದಿದ್ದಳಂತೆ. ಮೂರು ಕಿಲೋಮೀಟರ್ ಆಗುತ್ತಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು, ಮುನ್ನೂರು ಮೀಟರ್ ಆಗುತ್ತಿತ್ತೇನೋ ಎಂದರು ಅವರು. ಕಾಫಿ ಬೇಡವೆಂದು ಹೋದರು.

ನಾನು ಅವಳ ಪುಸ್ತಕ ತೆಗೆದೆ. ಜೂನ್ ತಿಂಗಳ ಪುಟ. ಗುಡಿಸಲಿನಲ್ಲಿ ಕೈ ಅಡ್ಡ ಇಟ್ಟು ಬರೆದಳಲ್ಲ, ಅದು. ಮೇಲೆ ದಾರಿಯ ಹೆಸರು, ದಿನ. ಅದರ ಕೆಳಗೆ 'ಸವಾರರು: ಇಬ್ಬರು' ಎಂದು ನೀಲಿ ಶಾಯಿಯಲ್ಲಿ ದುಂಡಗೆ ಬರೆದಿದ್ದಳು. 'ಇಬ್ಬರು' ಎಂಬುದಕ್ಕೆ ಆಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ 'ಒಬ್ಬ' ಎಂದು ತಿದ್ದಿದ್ದಳು. ಹಿಮಸಾರಂಗಗಳ ಬಗ್ಗೆ ಒಂದು ಸಾಲಿತ್ತು. ಕೊನೆಯಲ್ಲಿ, 'ಕಾಲೂರಿದ್ದು: ಸೊನ್ನೆ. ಕರೆದೆ, ನಿಲ್ಲಲಿಲ್ಲ.'